ಬೀಗ ಒಂದು, ಬೀಗದಕೈ ಊರಿಗೆಲ್ಲ: ಐಒಟಿ ಭದ್ರತೆಯ ಪಾಠ

ಯಾವ ವರ್ಷದ ಮಿನಿ ಪ್ರಾಜೆಕ್ಟ್ ಪಟ್ಟಿ ತೆಗೆದು ನೋಡಿದ್ರೂ ಅರ್ಧಕ್ಕರ್ಧ ಹೆಸರುಗಳು "ಸ್ಮಾರ್ಟ್" ಅಂತಲೇ ಶುರುವಾಗುತ್ತವೆ. ಸ್ಮಾರ್ಟ್ ಡಸ್ಟ್‌ಬಿನ್, ಸ್ಮಾರ್ಟ್ ಪಾರ್ಕಿಂಗ್, ಸ್ಮಾರ್ಟ್ ನೀರಾವರಿ. ಒಳಗೆ ನೋಡಿದ್ರೆ ಎಲ್ಲದರಲ್ಲೂ ಒಂದು ಇಎಸ್‌ಪಿ8266 ಅಥವಾ ಇಎಸ್‌ಪಿ32 ಬೋರ್ಡ್, ಒಂದೋ ಎರಡೋ ಸೆನ್ಸರ್, ಒಂದು ರಿಲೇ, ಯಾರದೋ ಮೊಬೈಲಿನ ಹಾಟ್‌ಸ್ಪಾಟ್. ರಿಪೋರ್ಟಿನ ಕೊನೆಯಲ್ಲಿ "ಫ್ಯೂಚರ್ ಸ್ಕೋಪ್" ಅಂತ ಒಂದು ಪುಟ ಇರುತ್ತಲ್ಲ, ಅಲ್ಲಿ ತಪ್ಪದೆ ಒಂದು ಸಾಲು ಬರುತ್ತೆ: ಮುಂದಿನ ದಿನಗಳಲ್ಲಿ ಭದ್ರತೆಯನ್ನೂ ಅಳವಡಿಸಬಹುದು. ಈ ಲೇಖನ ಆ ಒಂದು ಸಾಲಿನ ಬಗ್ಗೆ.

ನಾವು ಎರಡನೇ ವರ್ಷದವರು. ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್ ನಮಗಿನ್ನೂ ಬಂದಿಲ್ಲ. ಆ ಪೇಪರ್ ಮುಗಿಸಿರೋ ಸೀನಿಯರ್‌ಗಳು ಕೆಲವು ಪ್ಯಾರಾ ಹಾರಿಸಿಕೊಂಡು ಓದಬಹುದು, ಉಳಿದವರಿಗೆ ಬುಡದಿಂದಲೇ ಹೇಳ್ತೀವಿ. ಇನ್ನೊಂದು ಮಾತು: ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಪಾಸ್‌ವರ್ಡ್‌ಗೆ "ಗುಪ್ತಪದ" ಅಂತ ಬರೆದರೆ ನಮಗೇ ಅರ್ಥ ಆಗೋಕೆ ಒಂದು ಕ್ಷಣ ಬೇಕು. ಹಾಗಾಗಿ ಪಾಸ್‌ವರ್ಡ್ ಅಂತಲೇ ಬರೆದಿದ್ದೀವಿ, ಕನ್ನಡ ಮೇಷ್ಟ್ರು ಬೇಜಾರು ಮಾಡ್ಕೋಬಾರದು.

ಒಂದು ಶುಕ್ರವಾರ ನಡೆದದ್ದು

2016ರ ಅಕ್ಟೋಬರ್ 21. ಅಮೆರಿಕದಲ್ಲಿ ಆವತ್ತು ಬಹಳ ಜನಕ್ಕೆ ಟ್ವಿಟ್ಟರ್ ತೆರೆಯಲಿಲ್ಲ. ನೆಟ್‌ಫ್ಲಿಕ್ಸ್, ಸ್ಪಾಟಿಫೈ, ರೆಡ್ಡಿಟ್, ಗಿಟ್‌ಹಬ್ ಕೂಡ ಬಂದರೆ ಬಂತು, ಇಲ್ಲದಿದ್ರೆ ಇಲ್ಲ. ತಮಾಷೆ ಏನಂದ್ರೆ ಈ ಕಂಪನಿಗಳ ಸರ್ವರ್‌ಗಳಿಗೆ ಏನೂ ಆಗಿರಲಿಲ್ಲ. ಅವು ತಮ್ಮ ಪಾಡಿಗೆ ಓಡ್ತಾನೇ ಇದ್ದವು, ಅವುಗಳ ವಿಳಾಸ ಹೇಳೋರು ಮಾತ್ರ ಇರಲಿಲ್ಲ.

ನಮ್ಮ ಫೋನಿನಲ್ಲಿ ಗೆಳೆಯನ ಹೆಸರು ಒತ್ತಿದರೆ ಕಾಲ್ ಹೋಗುತ್ತೆ, ಅವನ ನಂಬರ್ ನಮಗೆ ಬಾಯಿಪಾಠ ಇರಲ್ಲ. ಇಂಟರ್ನೆಟ್ಟಿನಲ್ಲಿ ಆ ಕಾಂಟ್ಯಾಕ್ಟ್ ಲಿಸ್ಟಿನ ಕೆಲಸ ಮಾಡೋದು ಡಿಎನ್‌ಎಸ್. ಹೆಸರು ಕೊಟ್ಟರೆ ಐಪಿ ವಿಳಾಸ ಕೊಡುತ್ತೆ. ಮೇಲೆ ಹೇಳಿದ ಕಂಪನಿಗಳು ಈ ಕೆಲಸವನ್ನು ಡೈನ್ ಅನ್ನೋ ಕಂಪನಿಗೆ ಕೊಟ್ಟಿದ್ದವು. ಆ ಶುಕ್ರವಾರ ಡೈನ್‌ನ ಸರ್ವರ್‌ಗಳಿಗೆ ಎಷ್ಟು ಸುಳ್ಳು ಕೋರಿಕೆಗಳು ಒಮ್ಮೆಲೇ ಬಂದು ಬಿದ್ದವು ಅಂದ್ರೆ, ನಿಜವಾದ ಕೋರಿಕೆಗಳಿಗೆ ಉತ್ತರ ಕೊಡೋಕೆ ಅದಕ್ಕೆ ಪುರುಸೊತ್ತೇ ಸಿಗಲಿಲ್ಲ. ಇದಕ್ಕೆ ಡಿಡಾಸ್ ದಾಳಿ ಅಂತಾರೆ. ಕ್ಯಾಂಟೀನ್ ಕೌಂಟರಿನಲ್ಲಿ ಏನೂ ತಗೊಳ್ಳದ ಇನ್ನೂರು ಜನ ಬಂದು ನಿಂತು ಸುಮ್ಮನೆ "ಏನೇನಿದೆ ಅಣ್ಣ?" ಅಂತ ಕೇಳ್ತಾ ಇದ್ರೆ, ಹಸಿದವನಿಗೆ ಇಡ್ಲಿ ಸಿಗಲ್ಲ, ಅಷ್ಟೇ.

ಆ ಇನ್ನೂರು ಜನ ಯಾರು? ಸಿಸಿಟಿವಿ ಕ್ಯಾಮೆರಾಗಳು, ಅವುಗಳ ವಿಡಿಯೊ ರೆಕಾರ್ಡ್ ಮಾಡೋ ಡಿವಿಆರ್ ಪೆಟ್ಟಿಗೆಗಳು, ಮನೆಯ ವೈಫೈ ರೌಟರ್‌ಗಳು. ದಾಳಿಯಲ್ಲಿ ಭಾಗಿಯಾದ ಸಾಧನಗಳು 1 ಲಕ್ಷದವರೆಗೆ ಇರಬಹುದು ಅಂತ ಡೈನ್ ಆಮೇಲೆ ಅಂದಾಜು ಕೊಟ್ಟಿತು. ಅಂಗಡಿ ಕಾಯೋಕೆ ಅಂತ ಇಟ್ಟ ಕ್ಯಾಮೆರಾ ಎದ್ದು ಹೋಗಿ ಇನ್ನೊಬ್ಬರ ಅಂಗಡಿ ಮುಚ್ಚಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನೋ ಗಾದೆಯನ್ನ ಇದಕ್ಕಿಂತ ಚೆನ್ನಾಗಿ ಬಳಸೋ ಜಾಗ ನಮಗೆ ಸಿಕ್ಕಿಲ್ಲ.

ಇದಕ್ಕೂ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 20ರಂದು, ಸೈಬರ್ ಅಪರಾಧಗಳ ಬಗ್ಗೆ ಬರೆಯೋ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರ ವೆಬ್‌ಸೈಟ್ ಮೇಲೂ ಇಂಥದೇ ದಾಳಿ ಆಗಿತ್ತು. ಸೆಕೆಂಡಿಗೆ ಸುಮಾರು 620 ಗಿಗಾಬಿಟ್. ಅವರಿಗೆ ಉಚಿತವಾಗಿ ರಕ್ಷಣೆ ಕೊಡ್ತಿದ್ದ ಅಕಾಮೈ ಕಂಪನಿ ದಾಳಿಯನ್ನು ತಡೆದರೂ, ಇನ್ನು ಮುಂದೆ ಪುಕ್ಕಟೆ ಆಗಲ್ಲ ಅಂತ ಕೈಬಿಡಬೇಕಾಯ್ತು. ಕೊನೆಗೆ ಗೂಗಲ್‌ನ ಪ್ರಾಜೆಕ್ಟ್ ಶೀಲ್ಡ್ ಆಸರೆ ಕೊಟ್ಟಿತು. 620 ಗಿಗಾಬಿಟ್ ಅಂದ್ರೆ ಏನೋ ಸೂಪರ್‌ಕಂಪ್ಯೂಟರ್ ಬೇಕು ಅನ್ಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಕ್ಯಾಮೆರಾ ತನ್ನ ವಿಡಿಯೊ ಕಳಿಸೋಕೆ ಬಳಸೋ ಹಾಗೆ ಸೆಕೆಂಡಿಗೆ ಬರೀ 6 ಮೆಗಾಬಿಟ್ ಕಳಿಸಿದರೂ, ಒಂದು ಲಕ್ಷ ಕ್ಯಾಮೆರಾ ಸೇರಿದರೆ 600 ಗಿಗಾಬಿಟ್. ಹನಿ ಹನಿ ಕೂಡಿದರೆ ಹಳ್ಳ.

62 ಜೋಡಿ

ಈ ಕ್ಯಾಮೆರಾಗಳನ್ನೆಲ್ಲ ಸೇರಿಸಿದ ಪ್ರೋಗ್ರಾಮಿನ ಹೆಸರು ಮಿರಾಯ್. ಜಪಾನಿ ಭಾಷೆಯಲ್ಲಿ "ಭವಿಷ್ಯ" ಅಂತ ಅರ್ಥ. ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಯಾರಿಗೆ ಬೇಕಾದ್ರೂ ಅರ್ಥ ಆಗೋಷ್ಟು ಸರಳ. ನಮಗೆ ಭಯ ಆಗಿದ್ದೂ ಅದಕ್ಕೇ.

ಮೊದಲು ತಿಳಿದಿರಬೇಕಾದ್ದು: ಐಪಿ ಕ್ಯಾಮೆರಾ ಅಂದ್ರೆ ಲೆನ್ಸ್ ಇರೋ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್. ಡಿವಿಆರ್, ರೌಟರ್ ಕೂಡ ಹಾಗೇ. ಕಂಪ್ಯೂಟರ್ ಆದ್ಮೇಲೆ ಅದರೊಳಗೆ ಹೋಗಿ ಕಮಾಂಡ್ ಕೊಡೋ ದಾರಿ ಇರಬೇಕಲ್ಲ. ಹಳೇ ಕಾಲದ ಅಂಥ ಒಂದು ದಾರಿ ಟೆಲ್ನೆಟ್, ಪೋರ್ಟ್ ಸಂಖ್ಯೆ 23. ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಮುಚ್ಚುಮರೆ ಇಲ್ಲದೆ ತಂತಿಯಲ್ಲಿ ಹೋಗುತ್ತವೆ. ತಯಾರಿಕೆ ಸಮಯದಲ್ಲಿ ಟೆಸ್ಟ್ ಮಾಡೋಕೆ ಇದು ಅನುಕೂಲ. ಟೆಸ್ಟ್ ಮುಗಿದ ಮೇಲೆ ಅದನ್ನ ಮುಚ್ಚದೆ ಹಾಗೇ ಪೆಟ್ಟಿಗೆಗೆ ಹಾಕಿ ಮಾರಿದರು.

ಐಪಿವಿ4ನಲ್ಲಿ ಒಟ್ಟು ವಿಳಾಸಗಳು 2ರ ಘಾತ 32, ಅಂದ್ರೆ ಸುಮಾರು 429 ಕೋಟಿ. ಮಿರಾಯ್ ಸೋಂಕು ತಗುಲಿದ ಸಾಧನ ಮಾಡೋ ಮೊದಲ ಕೆಲಸ, ಮನಸ್ಸಿಗೆ ಬಂದ ಒಂದು ವಿಳಾಸ ಹುಟ್ಟಿಸಿಕೊಂಡು ಅದರ ಪೋರ್ಟ್ 23ರ ಬಾಗಿಲು ತಟ್ಟೋದು. ಹತ್ತರಲ್ಲಿ ಒಂದು ಸಲ 2323 ಅನ್ನೋ ಪೋರ್ಟ್ ತಟ್ಟುತ್ತೆ, ಯಾಕಂದ್ರೆ ಕೆಲವರು ಟೆಲ್ನೆಟ್ಟನ್ನ ಅಲ್ಲಿ "ಬಚ್ಚಿಟ್ಟಿರ್ತಾರೆ". ಉತ್ತರ ಬರದಿದ್ರೆ ಕಾಯೋದಿಲ್ಲ, ಮುಂದಿನ ವಿಳಾಸಕ್ಕೆ ಹೋಗುತ್ತೆ. ಬಾಗಿಲು ತೆರೆದರೆ, ತನ್ನ ಹತ್ರ ಇರೋ ಪಟ್ಟಿಯಿಂದ ಹತ್ತು ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನ ಆರಿಸಿ ಒಂದಾದ ಮೇಲೆ ಒಂದು ಹಾಕಿ ನೋಡುತ್ತೆ. ಇಡೀ ಪಟ್ಟಿಯಲ್ಲಿ ಇರೋದು 62 ಜೋಡಿ. ಅಡ್ಮಿನ್, ಅಡ್ಮಿನ್. ರೂಟ್, 123456. ರೂಟ್, ಎಕ್ಸ್‌ಸಿ3511. ಅಷ್ಟೇ. ಇದರಲ್ಲಿ ಕ್ರಿಪ್ಟೋಗ್ರಫಿ ಒಡೆಯೋದಿಲ್ಲ, ಯಾರಿಗೂ ಗೊತ್ತಿಲ್ಲದ ಬಗ್ ಇಲ್ಲ. ಬೀಗ ಒಡೆದಿಲ್ಲ, ಬೀಗದಕೈ ಹಾಕಿ ತೆಗೆದಿದ್ದಾರೆ.

ಲಾಗಿನ್ ಆದ ಕೂಡಲೆ ಆ ವಿಳಾಸ, ಆ ಪಾಸ್‌ವರ್ಡ್ ಒಂದು ಸರ್ವರಿಗೆ ಹೋಗುತ್ತೆ. ಅಲ್ಲಿಂದ ಇನ್ನೊಂದು ಪ್ರೋಗ್ರಾಂ ಬಂದು, ಈ ಸಾಧನದ ಚಿಪ್ ಆರ್ಮ್ ಅಥವಾ ಮಿಪ್ಸ್ ಅಥವಾ ಬೇರೆ ಯಾವುದು ಅಂತ ನೋಡಿ ಅದಕ್ಕೆ ಹೊಂದೋ ಫೈಲ್ ಇಳಿಸುತ್ತೆ. ಒಳಗೆ ಬಂದ ಮಿರಾಯ್ ತನ್ನ ಫೈಲನ್ನೇ ಅಳಿಸಿ ಬರೀ ಮೆಮೊರಿಯಲ್ಲಿ ಉಳಿಯುತ್ತೆ, ಪ್ರೋಸೆಸ್ ಹೆಸರು ಮರೆಮಾಚುತ್ತೆ, ಆಮೇಲೆ ತಾನು ಬಂದ ಟೆಲ್ನೆಟ್ ಬಾಗಿಲನ್ನೇ ಮುಚ್ಚುತ್ತೆ, ಬೇರೆ ಕಳ್ಳ ಬರಬಾರದು ಅಂತ! ಮೆಮೊರಿಯಲ್ಲಿ ಮಾತ್ರ ಇರೋದ್ರಿಂದ ಪವರ್ ಆಫ್ ಮಾಡಿ ಆನ್ ಮಾಡಿದರೆ ಮಿರಾಯ್ ಮಾಯ. ಆದ್ರೆ ಪಾಸ್‌ವರ್ಡ್ ಹಳೇದೇ ಇರುತ್ತಲ್ಲ, ಇನ್ಯಾವುದೋ ಕ್ಯಾಮೆರಾ ಬಂದು ಬಾಗಿಲು ತಟ್ಟೋವರೆಗೆ ಮಾತ್ರ ಆ ನೆಮ್ಮದಿ.

2017ರಲ್ಲಿ ಹಲವು ವಿಶ್ವವಿದ್ಯಾಲಯ, ಕಂಪನಿಗಳ ಸಂಶೋಧಕರು ಸೇರಿ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಿರಾಯ್ ಬಗ್ಗೆ ಪೇಪರ್ ಪ್ರಕಟಿಸಿದರು. ಅದರ ಪ್ರಕಾರ 2016ರ ಆಗಸ್ಟ್ ಮೊದಲ ದಿನ ಶುರುವಾದ ಇದು ಮೊದಲ 20 ಗಂಟೆಯಲ್ಲೇ ಹತ್ತಿರ ಹತ್ತಿರ 65 ಸಾವಿರ ಸಾಧನಗಳಿಗೆ ಹರಡಿತ್ತು. ಉತ್ತುಂಗದಲ್ಲಿದ್ದಾಗ 6 ಲಕ್ಷ.

ಇಲ್ಲಿ ಒಂದು ಡೌಟ್ ಬರಬೇಕು. ಮನೆಯ ಸಾಧನಗಳು ರೌಟರಿನ ಹಿಂದೆ ಇರ್ತವೆ, ಹೊರಗಿನವರಿಗೆ ಕಾಣೋದು ರೌಟರಿನ ವಿಳಾಸ ಮಾತ್ರ. ಮತ್ತೆ ಕ್ಯಾಮೆರಾದ ಬಾಗಿಲು ಹೊರಗಿನಿಂದ ಹೇಗೆ ತಟ್ಟಿದರು? ಕಾರಣ ನಮ್ಮ ಆಸೆ. ಊರಿಗೆ ಹೋದಾಗಲೂ ಅಂಗಡಿಯ ವಿಡಿಯೊ ಫೋನಿನಲ್ಲಿ ಕಾಣಬೇಕು ಅಂತ, ಕ್ಯಾಮೆರಾ ಹಾಕೋಕೆ ಬಂದವರು ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಹೋಗ್ತಾರೆ. ಕೆಲವು ಸಾಧನಗಳು ಯುಪಿಎನ್‌ಪಿ ಅನ್ನೋ ಸೌಲಭ್ಯ ಬಳಸಿ "ನನಗೊಂದು ಬಾಗಿಲು ತೆಗಿ" ಅಂತ ರೌಟರನ್ನ ತಾವೇ ಕೇಳ್ತವೆ, ರೌಟರ್ ತೆಗೆದುಬಿಡುತ್ತೆ. ಮಾಲೀಕರಿಗೆ ಸುದ್ದಿಯೇ ಇರಲ್ಲ.

ನಷ್ಟ ಯಾರಿಗೆ?

ಈ ಪಾಠದ ತಿರುಳು ಇಲ್ಲಿದೆ ಅಂತ ನಮ್ಮ ಅನಿಸಿಕೆ.

ಎಕ್ಸ್‌ಸಿ3511 ಅನ್ನೋ ಪಾಸ್‌ವರ್ಡ್ ಚೀನಾದ ಹಾಂಗ್‌ಝೌ ನಗರದ ಷಿಯಾಂಗ್‌ಮಾಯ್ ಕಂಪನಿಯ ಬಿಡಿಭಾಗಗಳಲ್ಲಿ ಇತ್ತು. ಆ ಕಂಪನಿ ಬೋರ್ಡ್, ಫರ್ಮ್‌ವೇರ್ ಮಾಡಿ ಬೇರೆಯವರಿಗೆ ಕೊಡುತ್ತೆ. ಅವರು ತಮ್ಮ ಡಬ್ಬಿಗೆ ಹಾಕಿ ತಮ್ಮ ಹೆಸರು ಅಂಟಿಸಿ ಮಾರ್ತಾರೆ. ಕೊಂಡವನು ಜಾಣನಾಗಿ ಬ್ರೌಸರ್ ಪುಟದಲ್ಲಿ ಪಾಸ್‌ವರ್ಡ್ ಬದಲಿಸಿದ ಅಂತಲೇ ಇಟ್ಕೊಳ್ಳಿ. ಅದು ವೆಬ್ ಪುಟದ ಪಾಸ್‌ವರ್ಡ್. ಟೆಲ್ನೆಟ್ಟಿನ ಪಾಸ್‌ವರ್ಡ್ ಫರ್ಮ್‌ವೇರಿನಲ್ಲೇ ಅಚ್ಚೊತ್ತಿದೆ, ಅದು ಇದೆ ಅಂತಲೇ ಅವನಿಗೆ ಗೊತ್ತಿಲ್ಲ, ಬದಲಿಸೋ ಬಟನ್ ಕೂಡ ಇಲ್ಲ. ದಾಳಿಯ ನಂತರ ಕಂಪನಿ ಅಮೆರಿಕದಲ್ಲಿ ಮಾರಾಟವಾದ ಕೆಲವು ಉತ್ಪನ್ನಗಳನ್ನ ವಾಪಸ್ ತಗೊಳ್ಳೋದಾಗಿ ಪ್ರಕಟಿಸಿತು. ಆದ್ರೆ ಡಬ್ಬಿ ಮೇಲೆ ಬೇರೆ ಹೆಸರಿದ್ರೆ, ಒಳಗಿರೋದು ಯಾರದು ಅಂತ ಕೊಂಡವನಿಗೆ ಹೇಗೆ ಗೊತ್ತಾಗಬೇಕು?

ಇನ್ನು ಕ್ಯಾಮೆರಾ ಮಾಲೀಕನ ಕಡೆಯಿಂದ ನೋಡಿ. ಅವನ ಕ್ಯಾಮೆರಾ ಕೆಲಸ ಮಾಡ್ತಾ ಇದೆ, ವಿಡಿಯೊ ಬರ್ತಾ ಇದೆ. ಹೆಚ್ಚೆಂದರೆ ನೆಟ್ ಸ್ವಲ್ಪ ಸ್ಲೋ. ಅವನಿಗೆ ಏನೂ ನಷ್ಟ ಇಲ್ಲ, ಆದ್ದರಿಂದ ಸರಿ ಮಾಡಿಸೋ ಅಗತ್ಯವೂ ಇಲ್ಲ. ತಯಾರಕರಿಗೆ ಸಾಧನ ಮಾರಿ ಆಗಿದೆ. ಏಟು ತಿಂದದ್ದು ಈ ಇಬ್ಬರಿಗೂ ಸಂಬಂಧ ಇಲ್ಲದ ಮೂರನೆಯವರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತೀವಲ್ಲ, ಇಲ್ಲಿ ಯಾರದೋ ಬ್ಯಾಂಡ್‌ವಿಡ್ತ್. ಕಂಪ್ಯೂಟರ್ ವೈರಸ್ ಬಂದ್ರೆ ನಮ್ಮ ಫೈಲ್ ಹೋಗುತ್ತೆ, ನಾವು ಅಳ್ತೀವಿ, ಆಂಟಿವೈರಸ್ ಹಾಕಿಸ್ತೀವಿ. ಇಲ್ಲಿ ಅಳೋರು ಬೇರೆ, ಸಾಧನ ಇಟ್ಕೊಂಡೋರು ಬೇರೆ. ಹಾಗಾಗಿ ಇದು ತಾನಾಗೇ ಸರಿಹೋಗಲ್ಲ.

ಅದಕ್ಕೇ ಕಾನೂನು ಬರಬೇಕಾಯ್ತು. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಈ ಥರ ಎಲ್ಲ ಸಾಧನಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಮಾರೋದಕ್ಕೆ ಕಾನೂನಿನ ತಡೆ ಇದೆ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಟಿಇಸಿ 2021ರಲ್ಲಿ ಗ್ರಾಹಕ ಐಒಟಿಗೆ ಮಾರ್ಗಸೂಚಿ ತಂದಿದೆ, ಅದರ ಮೊದಲ ಮಾತೂ ಇದೇ. ಸಿಸಿಟಿವಿ ಕ್ಯಾಮೆರಾಗಳ ಭದ್ರತಾ ಪರೀಕ್ಷೆ 2025ರ ಏಪ್ರಿಲ್‌ನಿಂದ ಕಡ್ಡಾಯ ಆಯ್ತು.

ಮಾಡಿದವರು ಯಾರು ಅಂದ್ರೆ

ಯಾವುದೋ ದೇಶದ ಸೈನ್ಯ ಇರಬೇಕು ಅಂತ ಆಗ ಕೆಲವರು ಅಂದ್ಕೊಂಡಿದ್ರಂತೆ. ಸಿಕ್ಕಿದ್ದು ಪಾರಸ್ ಝಾ, ಜೊಸಾಯಾ ವೈಟ್, ಡಾಲ್ಟನ್ ನಾರ್ಮನ್ ಅನ್ನೋ ಮೂವರು ಹುಡುಗರು, ಹೆಚ್ಚುಕಮ್ಮಿ ನಮ್ಮ ವಯಸ್ಸಿನವರು. ಝಾ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಿದ್ದ. ಕಥೆಯ ಬೇರು ಇರೋದು ಮೈನ್‌ಕ್ರಾಫ್ಟ್ ಆಟದಲ್ಲಿ! ಮೈನ್‌ಕ್ರಾಫ್ಟ್ ಸರ್ವರ್ ನಡೆಸೋದು ಒಳ್ಳೆ ದುಡ್ಡಿನ ವ್ಯವಹಾರ, ಎದುರಾಳಿಯ ಸರ್ವರ್ ಬೀಳಿಸಿದರೆ ಆಟಗಾರರು ಈ ಕಡೆ ಬರ್ತಾರೆ. ಝಾ ಮತ್ತು ವೈಟ್ ಡಿಡಾಸ್‌ನಿಂದ ರಕ್ಷಣೆ ಮಾರೋ ಕಂಪನಿಯನ್ನೂ ಇಟ್ಕೊಂಡಿದ್ರು. ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈಯಲ್ಲಿ ಗಾಜಿನ ಅಂಗಡಿ. ತನ್ನದೇ ವಿಶ್ವವಿದ್ಯಾಲಯದ ಲಾಗಿನ್ ಸರ್ವರನ್ನೂ ಝಾ ಹಲವು ಸಲ ಬೀಳಿಸಿದ್ದ, ವಿದ್ಯಾರ್ಥಿಗಳು ಅಸೈನ್‌ಮೆಂಟ್ ಸಲ್ಲಿಸೋ ಪೋರ್ಟಲ್ಲೇ ನಿಂತುಹೋಗ್ತಿತ್ತು.

2016ರ ಸೆಪ್ಟೆಂಬರ್ ಕೊನೆಗೆ ಅವರು ಮಿರಾಯ್ ಸೋರ್ಸ್ ಕೋಡ್ ಅನ್ನ ಎಲ್ಲರಿಗೂ ಸಿಗೋ ಹಾಗೆ ಹಾಕಿಬಿಟ್ಟರು. ಊರವರ ಹತ್ರ ಎಲ್ಲ ಅದೇ ಕೋಡ್ ಇದ್ರೆ ಬರೆದವರು ಯಾರು ಅಂತ ಹುಡುಕೋದು ಕಷ್ಟ ಅಲ್ವಾ, ಅದಕ್ಕೆ. ಡೈನ್ ಮೇಲಿನ ದಾಳಿ ಆದದ್ದು ಆಮೇಲೆ. ಅದರಲ್ಲಿ ಪಾಲ್ಗೊಂಡಿದ್ದಾಗಿ 2020ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡದ್ದು ಬೇರೊಬ್ಬ ವ್ಯಕ್ತಿ, ದಾಳಿ ನಡೆದಾಗ ಇನ್ನೂ ಅಪ್ರಾಪ್ತ ವಯಸ್ಸು. ಗುರಿ ಇಟ್ಟಿದ್ದು ಸೋನಿಯ ಪ್ಲೇಸ್ಟೇಷನ್ ಆಟದ ನೆಟ್‌ವರ್ಕಿಗೆ. ಟ್ವಿಟ್ಟರ್, ನೆಟ್‌ಫ್ಲಿಕ್ಸ್ ಎಲ್ಲ ಅದರ ಜೊತೆ ಬಿದ್ದವು.

ಮೂವರೂ 2017ರಲ್ಲಿ ತಪ್ಪೊಪ್ಪಿಕೊಂಡರು. 2018ರಲ್ಲಿ ತಲಾ 5 ವರ್ಷ ಪ್ರೊಬೇಷನ್, 2,500 ಗಂಟೆ ಸಮುದಾಯ ಸೇವೆ, 1,27,000 ಡಾಲರ್ ಪರಿಹಾರ. ಎಫ್‌ಬಿಐಗೆ ಬಹಳ ಸಹಕರಿಸಿದ್ದರಿಂದ ಜೈಲು ತಪ್ಪಿತು. ರಟ್ಗರ್ಸ್ ದಾಳಿಗೆ ಮಾತ್ರ ಝಾ 86 ಲಕ್ಷ ಡಾಲರ್ ಪರಿಹಾರ ಕೊಡಬೇಕು, 6 ತಿಂಗಳು ಮನೆಯಲ್ಲೇ ಬಂಧನ ಅಂತ ಇನ್ನೊಂದು ತೀರ್ಪು ಬಂತು. ಕೆಲವು ವಿಡಿಯೊಗಳಲ್ಲಿ ಇವರನ್ನ "ಜೀನಿಯಸ್" ಅಂತ ತೋರಿಸ್ತಾರೆ. ನಮಗೆ ಹಾಗೆ ಅನ್ಸಲ್ಲ. 62 ಪಾಸ್‌ವರ್ಡ್ ಸಾಕಾಯ್ತು ಅಂದ್ರೆ ಜೀನಿಯಸ್ ಬೇಕಾಗಿರಲಿಲ್ಲ ಅಂತಲೇ ಅರ್ಥ. ಹಾಸ್ಟೆಲ್ ವೈಫೈನಲ್ಲಿ ಕೂತು "ಸುಮ್ಮನೆ ಟ್ರೈ ಮಾಡೋಣ" ಅನ್ನೋರು ಒಂದು ನೆನಪಿಡಿ: ಬೇರೆಯವರ ಸಾಧನಕ್ಕೆ ಅನುಮತಿ ಇಲ್ಲದೆ ಲಾಗಿನ್ ಆಗೋದು ನಮ್ಮ ಐಟಿ ಕಾಯ್ದೆಯ ಸೆಕ್ಷನ್ 43 ಮತ್ತು 66ರ ಅಡಿ ಬರುತ್ತೆ. 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ.

ಮುಚ್ಚಿದ ಲಕೋಟೆಯೂ ಮಾತಾಡುತ್ತೆ

ಇಲ್ಲಿವರೆಗೆ ಹೇಳಿದ್ದು ಸಾಧನವನ್ನ ಕದಿಯೋ ಕಥೆ. ಖಾಸಗಿತನದ ಕಥೆಯಲ್ಲಿ ಯಾರೂ ಏನೂ ಕದಿಯಬೇಕಾಗಿಲ್ಲ. "ಡೇಟಾ ಎನ್‌ಕ್ರಿಪ್ಟ್ ಆಗಿದೆ ಸರ್" ಅಂತ ವೈವಾದಲ್ಲಿ ಹೇಳಿದ್ರೆ ಮುಗೀತು ಅಂತ ಒಂದು ನಂಬಿಕೆ ಇದೆ. ಪೋಸ್ಟ್‌ಮ್ಯಾನ್ ಕಾಗದ ಒಡೆದು ಓದಲ್ಲ, ನಿಜ. ಆದ್ರೆ ಯಾರಿಂದ ಬಂತು, ಯಾವಾಗ ಬಂತು, ಎಷ್ಟು ದಪ್ಪ ಇದೆ ಅನ್ನೋದು ಅವನಿಗೆ ಗೊತ್ತು. 2017ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕು ಸ್ಮಾರ್ಟ್ ಸಾಧನಗಳನ್ನ ಹೀಗೇ ಹೊರಗಿನಿಂದ ನೋಡಿದರು: ನಿದ್ದೆ ಅಳೆಯೋ ಸೆನ್ಸರ್, ಕ್ಯಾಮೆರಾ, ಸ್ಮಾರ್ಟ್ ಸ್ವಿಚ್, ಮಾತು ಕೇಳೋ ಸ್ಪೀಕರ್. ಎನ್‌ಕ್ರಿಪ್ಷನ್ ಒಡೆಯದೆ, ಯಾವ ಸರ್ವರಿಗೆ ಯಾವ ಹೊತ್ತಿನಲ್ಲಿ ಎಷ್ಟು ಟ್ರಾಫಿಕ್ ಹೋಯ್ತು ಅನ್ನೋದರಿಂದಲೇ ಮನೆಯವರು ಯಾವಾಗ ಮಲಗಿದರು, ಯಾವಾಗ ಓಡಾಡಿದರು ಅಂತ ಊಹಿಸೋಕಾಯ್ತು.

ಇನ್ನೊಂದು ಉದಾಹರಣೆ ಇನ್ನೂ ಚೆನ್ನಾಗಿದೆ. ಓಟ, ಸೈಕ್ಲಿಂಗ್ ದಾಖಲಿಸೋ ಸ್ಟ್ರಾವಾ ಆ್ಯಪ್ 2017ರ ನವೆಂಬರ್‌ನಲ್ಲಿ ತನ್ನ ಬಳಕೆದಾರರ ಓಡಾಟವನ್ನೆಲ್ಲ ಒಟ್ಟು ಸೇರಿಸಿ ಪ್ರಪಂಚದ ಒಂದು ಹೊಳೆಯೋ ನಕ್ಷೆ ಪ್ರಕಟಿಸಿತು. ಯಾರ ಹೆಸರೂ ಅದರಲ್ಲಿ ಇರಲಿಲ್ಲ. ಎರಡು ತಿಂಗಳಾದ ಮೇಲೆ, 2018ರ ಜನವರಿಯಲ್ಲಿ, ನೇಥನ್ ರೂಸರ್ ಅನ್ನೋ ಇಪ್ಪತ್ತು ವರ್ಷದ ಆಸ್ಟ್ರೇಲಿಯಾದ ವಿದ್ಯಾರ್ಥಿ ಒಂದು ವಿಷಯ ಗಮನಿಸಿದ. ಸಿರಿಯಾ, ಅಫ್ಘಾನಿಸ್ತಾನದಂಥ ಕಡೆ ಕತ್ತಲೆಯ ನಡುವೆ ಅಲ್ಲಲ್ಲಿ ಬೆಳಕಿನ ಗೆರೆಗಳು. ಅಲ್ಲಿನ ಜನ ಈ ಆ್ಯಪ್ ಬಳಸೋದು ಕಮ್ಮಿ. ಬಳಸ್ತಿದ್ದದ್ದು ಸೈನಿಕ ನೆಲೆಗಳೊಳಗೆ ಬೆಳಿಗ್ಗೆ ಜಾಗಿಂಗ್ ಮಾಡೋ ವಿದೇಶಿ ಸೈನಿಕರು. ಹೆಸರು ತೆಗೆದರೂ ಗುಟ್ಟು ಹೋಗಲಿಲ್ಲ, ದಾರಿಯೇ ಗುಟ್ಟಾಗಿತ್ತು. ಇದನ್ನ ನಮ್ಮ ಕಡೆಗೆ ತಂದು ನೋಡಿ. ರೂಮಿನಲ್ಲಿ ಜನ ಇದ್ದಾರಾ ಅಂತ ಪಿಐಆರ್ ಸೆನ್ಸರ್ ಹಾಕಿ, ಗ್ರಾಫ್ ಗೈಡ್‌ಗೆ ತೋರಿಸೋಕೆ ಸುಲಭ ಆಗ್ಲಿ ಅಂತ ಪಬ್ಲಿಕ್ ಚಾನೆಲ್‌ನಲ್ಲಿ ಇಟ್ಟರೆ, ರೂಮು ಖಾಲಿ ಇರೋ ಟೈಮ್‌ಟೇಬಲನ್ನ ಕಳ್ಳನಿಗೆ ನಾವೇ ಬರೆದುಕೊಟ್ಟ ಹಾಗೆ.

ಅಂದ ಹಾಗೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸಿನ ಅರ್ಜಿದಾರರು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು.

ಈಗ ನಮ್ಮ ಪಂಪ್‌ಸೆಟ್ಟಿಗೆ ಬರೋಣ

ಸ್ಮಾರ್ಟ್ ನೀರಾವರಿ ಪ್ರಾಜೆಕ್ಟ್ ತಗೊಳ್ಳೋಣ, ಯಾಕಂದ್ರೆ ನಮ್ಮ ಪೈಕಿ ಹಲವರ ಮನೆಯಲ್ಲಿ ತೋಟ ಇದೆ, ಡೆಮೊ ಆದ್ಮೇಲೆ ಬೋರ್ಡ್ ಊರಿಗೆ ಹೋಗೋ ಸಾಧ್ಯತೆ ಇರೋದು ಇದೊಂದೇ ಪ್ರಾಜೆಕ್ಟಿಗೆ. ಮಣ್ಣಿನ ತೇವ ಕಮ್ಮಿ ಆದ್ರೆ ಫೋನಿಗೆ ಸುದ್ದಿ ಬರುತ್ತೆ, ಫೋನಿನಲ್ಲಿ ಬಟನ್ ಒತ್ತಿದರೆ ಮೋಟಾರ್ ಆನ್. ಮಧ್ಯೆ ಸುದ್ದಿ ಸಾಗಿಸೋದು ಸಾಮಾನ್ಯವಾಗಿ ಎಂಕ್ಯುಟಿಟಿ. ಅದರಲ್ಲಿ ಬ್ರೋಕರ್ ಅನ್ನೋ ಒಂದು ಸರ್ವರ್ ಇರುತ್ತೆ. "ತೋಟ/ಪಂಪ್" ಅನ್ನೋ ಟಾಪಿಕ್‌ಗೆ ಒಬ್ಬರು ಸುದ್ದಿ ಹಾಕ್ತಾರೆ, ಆ ಟಾಪಿಕ್‌ಗೆ ಚಂದಾದಾರರಾದವರಿಗೆಲ್ಲ ಅದು ತಲುಪುತ್ತೆ. ನೋಟಿಸ್ ಬೋರ್ಡ್ ಥರ.

ಟೆಸ್ಟ್ ಮಾಡೋಕೆ ಅಂತಲೇ ಇಂಟರ್ನೆಟ್ಟಿನಲ್ಲಿ ಉಚಿತ ಪಬ್ಲಿಕ್ ಬ್ರೋಕರ್‌ಗಳಿವೆ. ಬಹಳಷ್ಟು ಟ್ಯುಟೋರಿಯಲ್‌ಗಳು ಅವನ್ನೇ ಬಳಸುತ್ತವೆ. ನೋಟಿಸ್ ಬೋರ್ಡಿನ ಮುಂದೆ ಯಾರು ಬೇಕಾದ್ರೂ ನಿಲ್ಲಬಹುದು, ಯಾರು ಬೇಕಾದ್ರೂ ಚೀಟಿ ಅಂಟಿಸಬಹುದು. # ಅನ್ನೋ ಒಂದು ಚಿಹ್ನೆಗೆ ಚಂದಾದಾರರಾದರೆ ಸಾಕು, ಎಲ್ಲ ಟಾಪಿಕ್‌ಗಳೂ ಬರ್ತವೆ, ಬ್ರೋಕರ್ ನಡೆಸೋರು ತಡೆದಿಲ್ಲ ಅಂದ್ರೆ. ಹಾಗೆ ಬಂದ ಪಟ್ಟಿಯಲ್ಲಿ "ತೋಟ/ಪಂಪ್" ಕಂಡರೆ, ಅದಕ್ಕೆ "ಆನ್" ಅಂತ ಕಳಿಸಬಹುದು. ಲ್ಯಾಬಿನಲ್ಲಿ ಅದರಿಂದ ಒಂದು ಎಲ್‌ಇಡಿ ಉರಿಯುತ್ತೆ. ತೋಟದಲ್ಲಿ ಬೋರ್‌ವೆಲ್ ಮೋಟಾರ್ ಓಡುತ್ತೆ. ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತೆ. ಸುಟ್ಟ ಮೋಟಾರ್ ಬೋರ್‌ನಿಂದ ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಎಷ್ಟು ಖರ್ಚು, ಬೇಸಿಗೆಯಲ್ಲಾದ್ರೆ ಬೆಳೆಯ ಗತಿ ಏನು ಅನ್ನೋದು ಮನೆಯಲ್ಲಿ ತೋಟ ಇರೋರಿಗೆ ನಾವು ಹೇಳಬೇಕಾಗಿಲ್ಲ. ಇಲ್ಲಿ ನಷ್ಟ ಮೂರನೆಯವರಿಗಲ್ಲ, ಅಪ್ಪನಿಗೆ.

ಹಾಗಾದ್ರೆ ನಮ್ಮದೇ ಬ್ರೋಕರ್ ಇಡೋಣ. ಮಸ್ಕಿಟೊ ಅನ್ನೋ ಉಚಿತ ಪ್ರೋಗ್ರಾಂ ಇದೆ, ಹಳೇ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಸಾಕು. ಅದರ 2.0 ಆವೃತ್ತಿಯಿಂದ ಒಂದು ಒಳ್ಳೆ ಬದಲಾವಣೆ ಆಗಿದೆ: ನಾವು ಬೇರೆ ಏನೂ ಹೇಳದಿದ್ರೆ ಅದು ಹೊರಗಿನ ಸಾಧನಗಳನ್ನ ಒಳಗೆ ಬಿಡೋದೇ ಇಲ್ಲ. ಆಗ ಇಎಸ್‌ಪಿ ಕನೆಕ್ಟ್ ಆಗಲ್ಲ, ನಾವು ಗೂಗಲ್ ಮಾಡ್ತೀವಿ, ಮೊದಲು ಸಿಗೋ ಉತ್ತರ "ಅಲೋ ಅನಾನಿಮಸ್ ಟ್ರೂ ಅಂತ ಹಾಕಿ, ಸರಿಹೋಗುತ್ತೆ". ಸರಿಹೋಗುತ್ತೆ ನಿಜ, ಯಾಕಂದ್ರೆ ಬಾಗಿಲನ್ನೇ ಕಿತ್ತು ಇಟ್ಟಾಯ್ತು. ಆ ಸಾಲು ಹಾಕೋ ಬದಲು ಮಸ್ಕಿಟೊ ಜೊತೆಗೇ ಬರೋ ಪಾಸ್‌ವರ್ಡ್ ಫೈಲ್ ಮಾಡೋ ಕಮಾಂಡ್ ಬಳಸಿ ಪ್ರತಿ ಬೋರ್ಡಿಗೂ ಬೇರೆ ಯೂಸರ್‌ನೇಮ್, ಬೇರೆ ಪಾಸ್‌ವರ್ಡ್ ಕೊಡಿ. ಹತ್ತು ನಿಮಿಷದ ಕೆಲಸ. ಎಸಿಎಲ್ ಅಂತ ಇನ್ನೊಂದು ಫೈಲ್ ಇದೆ, ಅದರಲ್ಲಿ ಯಾರು ಯಾವ ಟಾಪಿಕ್ ಓದಬಹುದು, ಯಾವುದಕ್ಕೆ ಬರೀಬಹುದು ಅಂತ ಹೇಳಬಹುದು. ತೇವದ ಸೆನ್ಸರ್‌ಗೆ ಪಂಪ್ ಆನ್ ಮಾಡೋ ಹಕ್ಕು ಯಾಕೆ ಬೇಕು? ಕೊಡಬೇಡಿ.

ಪ್ರತಿ ಬೋರ್ಡಿಗೂ ಬೇರೆ ಪಾಸ್‌ವರ್ಡ್ ಅಂದಾಗ, ಚಿಪ್ ಐಡಿಯನ್ನೇ ಪಾಸ್‌ವರ್ಡ್ ಮಾಡೋಣ ಅನ್ನೋ ಐಡಿಯಾ ಬರುತ್ತೆ. ಬೇಡ. ಇಎಸ್‌ಪಿ8266ನ ಚಿಪ್ ಐಡಿ ಅಂದ್ರೆ ಅದರ ಮ್ಯಾಕ್ ವಿಳಾಸದ ಕೊನೇ ಮೂರು ಬೈಟ್. ಮ್ಯಾಕ್ ವಿಳಾಸ ವೈಫೈ ಗಾಳಿಯಲ್ಲಿ ಬಹಿರಂಗವಾಗೇ ಓಡಾಡ್ತಿರುತ್ತೆ, ಹತ್ತಿರ ಇರೋ ಯಾರಿಗಾದ್ರೂ ಕಾಣುತ್ತೆ.

ಆಮೇಲೆ ಟಿಎಲ್‌ಎಸ್. ಸಾದಾ ಎಂಕ್ಯುಟಿಟಿ ಪೋರ್ಟ್ 1883, ಅದರಲ್ಲಿ ಪಾಸ್‌ವರ್ಡ್ ಸಹ ಬಿಚ್ಚಿಟ್ಟ ಹಾಗೇ ಹೋಗುತ್ತೆ. ಟಿಎಲ್‌ಎಸ್ ಹಾಕಿದ್ದು 8883. ಇಎಸ್‌ಪಿಯಲ್ಲಿ ಟಿಎಲ್‌ಎಸ್ ಉದಾಹರಣೆ ಹುಡುಕಿದರೆ "ಸೆಟ್ ಇನ್‌ಸೆಕ್ಯೂರ್" ಅನ್ನೋ ಒಂದು ಫಂಕ್ಷನ್ ಕಾಲ್ ಕಾಣ್ಸುತ್ತೆ. ಹೆಸರಿನಲ್ಲೇ ಇದೆ, ಆದ್ರೂ ಯಾರೂ ಓದಲ್ಲ. ಅದು ಎನ್‌ಕ್ರಿಪ್ಟ್ ಮಾಡುತ್ತೆ, ಆದ್ರೆ ಆ ಕಡೆ ಇರೋದು ನಮ್ಮ ಬ್ರೋಕರೇ ಅಂತ ಪರೀಕ್ಷೆ ಮಾಡಲ್ಲ. ಗುಟ್ಟಿನ ಮಾತನ್ನ ಕಿವಿಯಲ್ಲೇ ಹೇಳ್ತೀವಿ, ಯಾರ ಕಿವಿ ಅಂತ ಮಾತ್ರ ನೋಡಲ್ಲ! ಸರ್ಟಿಫಿಕೇಟ್ ಪರೀಕ್ಷಿಸಬೇಕಾದ್ರೆ ಬೋರ್ಡಿಗೆ ಇವತ್ತಿನ ತಾರೀಖು ಗೊತ್ತಿರಬೇಕು, ಅದಕ್ಕೆ ಮೊದಲು ಎನ್‌ಟಿಪಿಯಿಂದ ಸಮಯ ತರಿಸಿ. ಇದನ್ನ ಬಿಟ್ಟು "ಸರ್ಟಿಫಿಕೇಟ್ ವರ್ಕ್ ಆಗ್ತಿಲ್ಲ" ಅಂತ ತಲೆ ಚಚ್ಚಿಕೊಳ್ಳೋದು ಸಾಮಾನ್ಯ. ಇಎಸ್‌ಪಿ8266ನಲ್ಲಿ ಮೆಮೊರಿ ಕಮ್ಮಿ, ಟಿಎಲ್‌ಎಸ್ ಜೊತೆ ಬೇರೆ ಕೋಡ್ ಜಾಸ್ತಿ ಇದ್ರೆ ಒದ್ದಾಡುತ್ತೆ. ದುಡ್ಡಿದ್ರೆ ಇಎಸ್‌ಪಿ32 ತಗೊಳ್ಳಿ.

ವೈಫೈ ಮೇಲೇ ಹೊಸ ಕೋಡ್ ಹಾಕೋ ಆರ್ಡುಯಿನೊ ಒಟಿಎ ಬಳಸ್ತಿದ್ರೆ, ಅದಕ್ಕೆ ಪಾಸ್‌ವರ್ಡ್ ತಾನಾಗೇ ಇರಲ್ಲ, ನಾವೇ ಹಾಕಬೇಕು. ಇಲ್ಲದಿದ್ರೆ ಅದೇ ವೈಫೈನಲ್ಲಿ ಇರೋರು ನಮ್ಮ ಬೋರ್ಡಿಗೆ ತಮ್ಮ ಕೋಡ್ ಹಾಕಬಹುದು. ಹಾಗೇ ಗಿಟ್‌ಹಬ್ಬಿಗೆ ಹಾಕೋ ಮುಂಚೆ ವೈಫೈ ಪಾಸ್‌ವರ್ಡ್ ಇರೋ ಸಾಲುಗಳನ್ನ ಬೇರೆ ಫೈಲಿಗೆ ಹಾಕಿ, ಆ ಫೈಲನ್ನ ಗಿಟ್‌ಇಗ್ನೋರ್‌ನಲ್ಲಿ ಸೇರಿಸಿ. ಒಮ್ಮೆ ಕಮಿಟ್ ಆದ ಪಾಸ್‌ವರ್ಡನ್ನ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೇ ಹಿಸ್ಟರಿಯಲ್ಲಿ ಉಳಿದಿರುತ್ತೆ. ಆಗ ಉಳಿಯೋ ದಾರಿ ಪಾಸ್‌ವರ್ಡನ್ನೇ ಬದಲಿಸೋದು.

ಇಷ್ಟೆಲ್ಲ ಮಾಡಿದ ಮೇಲೂ ನೆಟ್‌ವರ್ಕನ್ನ ನಂಬಬೇಡಿ ಅನ್ನೋದು ನಮ್ಮ ಮಾತು. ಮೋಟಾರ್ ಒಂದು ಸಲಕ್ಕೆ ಎಷ್ಟು ಹೊತ್ತು ಓಡಬಹುದು ಅನ್ನೋ ಮಿತಿ ಬೋರ್ಡಿನ ಕೋಡಿನಲ್ಲೇ ಇರಲಿ, ಫೋನಿನಿಂದ ಬಂದ ಆಜ್ಞೆ ಅದನ್ನ ಮೀರೋ ಹಾಗಿರಬಾರದು. ನೀರಿಲ್ಲದಾಗ ಮೋಟಾರ್ ನಿಲ್ಲಿಸೋ ಡ್ರೈ ರನ್ ರಕ್ಷಣೆ ಸ್ಟಾರ್ಟರ್ ಪ್ಯಾನೆಲ್‌ನಲ್ಲಿ ವೈರಿನಿಂದಲೇ ಇರಲಿ, ಕೋಡಿನ ಮೂಲಕ ಬೇಡ. ವೈಫೈ ಹೋದಾಗ ರಿಲೇ ಆಫ್ ಸ್ಥಿತಿಗೆ ಬರಬೇಕು. ಇವು ಮೂರಕ್ಕೂ ಕ್ರಿಪ್ಟೋಗ್ರಫಿ ಬೇಡ, ಇಲೆಕ್ಟ್ರಿಕಲ್ ಬ್ರಾಂಚಿನ ಗೆಳೆಯ ಒಬ್ಬ ಸಾಕು. ಬೀಗದಕೈ ಕಳ್ಳನ ಕೈಗೆ ಸಿಕ್ಕರೂ ಮೋಟಾರ್ ಉಳಿಯುತ್ತೆ.

ಡೆಮೊಗೆ ಎರಡು ದಿನ ಮುಂಚೆ ಒಂದು ಪ್ರಯೋಗ ಮಾಡಿ ನೋಡಿ, ನಿಮ್ಮದೇ ಬ್ರೋಕರಿನ ಮೇಲೆ ಮಾತ್ರ. ಪ್ರಾಜೆಕ್ಟಿನಲ್ಲಿ ಇಲ್ಲದ ಗೆಳೆಯನ ಫೋನಿನಲ್ಲಿ ಒಂದು ಉಚಿತ ಎಂಕ್ಯುಟಿಟಿ ಆ್ಯಪ್ ಹಾಕಿಸಿ, ಬ್ರೋಕರಿನ ವಿಳಾಸ ಮಾತ್ರ ಕೊಡಿ, ಪಾಸ್‌ವರ್ಡ್ ಕೊಡಬೇಡಿ. ಹತ್ತು ನಿಮಿಷದಲ್ಲಿ ಅವನಿಗೆ ಏನು ಕಾಣ್ತು, ಏನು ಆನ್ ಮಾಡೋಕಾಯ್ತು ಅಂತ ಬರೆದುಕೊಳ್ಳಿ. ರಿಪೋರ್ಟಿನಲ್ಲಿ ಅದು ಫ್ಯೂಚರ್ ಸ್ಕೋಪಿಗಲ್ಲ, ರಿಸಲ್ಟ್ಸ್ ಪುಟಕ್ಕೆ ಹೋಗಬೇಕು.